ನಾಲ್ಕು ಹೆಸರು, ಒಬ್ಬನ ಕೆಲಸ

ವೀಕ್ಷಕರೇ, ನಿಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದ್ತಾ ಇರೋ ಮಗನೋ ಮಗಳೋ ಇದ್ದರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದೇ ಒಂದು ಪ್ರಶ್ನೆ ಕೇಳಿ. ಮಾರ್ಕ್ಸ್ ಎಷ್ಟು ಬಂತು ಅಂತ ಬೇಡ. ಪ್ಲೇಸ್‌ಮೆಂಟ್ ಆಯ್ತಾ ಅಂತಾನೂ ಬೇಡ. "ನಿನ್ನ ಪ್ರಾಜೆಕ್ಟ್ ಟೀಮಲ್ಲಿ ಎಷ್ಟು ಜನ? ಯಾರು ಯಾವ ಕೆಲಸ ಮಾಡಿದಿರಿ?" ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ, ಇವತ್ತಿನ ವಿಷಯ ನಿಮ್ಮ ಮನೆಯದ್ದೇ.

ನಾನೂ ಇಂಜಿನಿಯರಿಂಗ್ ಓದಿ ಬಂದವನು. ಕೊನೆಯ ವರ್ಷದ ಪ್ರಾಜೆಕ್ಟ್ ಅಂದ್ರೆ ಏನು ಅಂತ ಗೊತ್ತು. ರಿಪೋರ್ಟಿನ ಮೊದಲ ಪುಟದಲ್ಲಿ ನಾಲ್ಕು ಹೆಸರು, ನಾಲ್ಕು ಯುಎಸ್‌ಎನ್, ಚಂದದ ಬೈಂಡಿಂಗ್. ಒಳಗಿನ ಕೆಲಸ ಮಾತ್ರ ಎಷ್ಟೋ ಟೀಮುಗಳಲ್ಲಿ ಒಬ್ಬನದ್ದು. ಇನ್ನು ಕೆಲವು ಕಡೆ ಆ ಒಬ್ಬನದ್ದೂ ಅಲ್ಲ, ದುಡ್ಡು ಕೊಟ್ಟು ಅಂಗಡಿಯಿಂದ ತಂದಿದ್ದು. ನಾಲ್ವರಿಗೂ ಮಾರ್ಕ್ಸ್ ಬರುತ್ತೆ, ನಾಲ್ವರೂ ಪಾಸ್. ಹಾಗಾದ್ರೆ ನಷ್ಟ ಯಾರಿಗೆ?

ನಷ್ಟ ಆ ನಾಲ್ವರಿಗೇ. ಕೆಲಸ ಮಾಡದ ಮೂವರಿಗೆ ವಿದ್ಯೆ ಬರಲಿಲ್ಲ, ಅದು ಎಲ್ಲರಿಗೂ ಕಾಣುತ್ತೆ. ರಾತ್ರಿಯೆಲ್ಲ ಎದ್ದು ಕೆಲಸ ಮಾಡಿದನಲ್ಲ ಆ ಒಬ್ಬ, ಅವನಿಗೂ ಒಂದು ವಿದ್ಯೆ ಬರಲಿಲ್ಲ. ಬೇರೆಯವರ ಕೈಯಲ್ಲಿ ಕೆಲಸ ಮಾಡಿಸೋದು ಹೇಗೆ ಅನ್ನೋದನ್ನ ಅವನು ಕಲೀಲೇ ಇಲ್ಲ. ಉದ್ಯೋಗಕ್ಕೆ ಸೇರಿ ನಾಲ್ಕೈದು ವರ್ಷ ಆದಮೇಲೆ ಅವನ ಕೆಳಗೆ ಆರು ಜನ ಬರ್ತಾರೆ. ಆಗಲೂ ಎಲ್ಲ ಕೆಲಸ ತಾನೇ ಮಾಡೋಕೆ ಹೋಗ್ತಾನೆ. ಆರೋಗ್ಯ ಕೆಡುತ್ತೆ, ಕೆಲಸವೂ ಕೆಡುತ್ತೆ. ಆಮೇಲೆ ಎಂಬಿಎ ಮಾಡಬೇಕಿತ್ತು ಅಂತ ಅನಿಸೋಕೆ ಶುರು.

ಇಲ್ಲಿ ಒಂದು ತಮಾಷೆ ಇದೆ ನೋಡಿ. ಮ್ಯಾನೇಜ್‌ಮೆಂಟ್ ಅನ್ನೋದನ್ನ ಒಂದು ವಿದ್ಯೆಯಾಗಿ ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದವರೇ ಇಂಜಿನಿಯರುಗಳು. ಫ್ರಾನ್ಸಿನ ಹೆನ್ರಿ ಫಯೋಲ್ ಗಣಿ ಇಂಜಿನಿಯರ್. 1888ರಲ್ಲಿ ಮುಳುಗೋ ಸ್ಥಿತಿಯಲ್ಲಿದ್ದ ಒಂದು ಗಣಿ ಕಂಪನಿಯ ಹೊಣೆ ಹೊತ್ತು, ಅದನ್ನ ಎತ್ತಿ ನಿಲ್ಲಿಸಿದ ಮನುಷ್ಯ. ಆ ಅನುಭವವನ್ನೆಲ್ಲ 1916ರಲ್ಲಿ ಬರೆದಿಟ್ಟ. ಅವನ ವಾದ ಇಷ್ಟೇ: ಮೇಲೆ ಮೇಲೆ ಹೋದಂತೆ ತಾಂತ್ರಿಕ ಜ್ಞಾನದ ಪಾಲು ಕಡಿಮೆ ಆಗುತ್ತೆ, ಆಡಳಿತದ ಪಾಲು ಹೆಚ್ಚಾಗುತ್ತೆ. ಆದರೆ ಇಂಜಿನಿಯರಿಂಗ್ ಶಾಲೆಗಳು ಮೊದಲನೆಯದನ್ನ ಮಾತ್ರ ಕಲಿಸ್ತವೆ. ಆಡಳಿತವನ್ನೂ ಕಲಿಸಬಹುದು, ಕಲಿಸಬೇಕು. ಇನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಮ್ಮ ಹುಡುಗರು ಅಂಟಿಸ್ತಾರಲ್ಲ, ಗ್ಯಾಂಟ್ ಚಾರ್ಟು, ಆ ಹೆನ್ರಿ ಗ್ಯಾಂಟ್ ಕೂಡ ಮೆಕ್ಯಾನಿಕಲ್ ಇಂಜಿನಿಯರೇ.

ನಮ್ಮಲ್ಲಿ ಪಾಠ ಇಲ್ವಾ? ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದ್ರೆ ವಿಟಿಯು, ಶುರುವಾಗಿದ್ದು 1998ರಲ್ಲಿ. ಅದರ ಸಿಲಬಸ್ಸಿನಲ್ಲಿ ಮ್ಯಾನೇಜ್‌ಮೆಂಟ್ ವಿಷಯ ಇದೆ. ಹುಡುಗರು ಏನ್ಮಾಡ್ತಾರೆ? ಪರೀಕ್ಷೆಯ ಹಿಂದಿನ ರಾತ್ರಿ ಫಯೋಲ್‌ನ 14 ತತ್ವಗಳನ್ನ ಉರು ಹೊಡೀತಾರೆ. ಬೆಳಗ್ಗೆ ಬರೀತಾರೆ. ಮಧ್ಯಾಹ್ನ ಮರೀತಾರೆ. ಈಜೋದು ಹೇಗೆ ಅಂತ ಹತ್ತು ಮಾರ್ಕಿನ ಉತ್ತರ ಬರೆದವನು ಈಜುಗಾರ ಆಗ್ತಾನಾ? ನೀರಿಗೆ ಇಳೀಬೇಕು.

ಹಾಗಾದ್ರೆ ಏನಿದು ನಾಯಕತ್ವ, ಏನಿದು ನಿರ್ವಹಣೆ? ಸರಳವಾಗಿ ಹೇಳ್ತೀನಿ. ಕೆಲಸವನ್ನ ತುಂಡು ಮಾಡಿ ಹಂಚೋದು, ತುಂಡುಗಳನ್ನ ಮತ್ತೆ ಕೂಡಿಸೋದು, ಸಮಯ ಮತ್ತು ದುಡ್ಡಿನ ಲೆಕ್ಕ ಇಡೋದು: ಇದು ನಿರ್ವಹಣೆ. ಜನ ನಂಬಿ ಜೊತೆಗೆ ಬರೋ ಹಾಗೆ ನಡಕೊಳ್ಳೋದು, ಕೆಟ್ಟರೆ ಹೊಣೆ ಹೊರೋದು, ಗೆದ್ದರೆ ಹೆಸರು ಹಂಚೋದು: ಇದು ನಾಯಕತ್ವ. ಎರಡಕ್ಕೂ ಕುರ್ಚಿ ಬೇಕಿಲ್ಲ. ಇವನ್ನ ಕಲಿಯೋಕೆ ಬೆಂಗಳೂರಿಗೂ ಓಡಬೇಕಿಲ್ಲ. ಬಾಗಲಕೋಟೆ ಜಿಲ್ಲೆಯನ್ನೇ ತಗೊಳ್ಳಿ. ಅಲ್ಲಿ 1963ರಿಂದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇದೆ. ಅದನ್ನ ಕಟ್ಟಿದ್ದು 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ. ಅಲ್ಲಿ ಓದೋ ಹುಡುಗ ಹುಡುಗಿಯರ ಸುತ್ತಮುತ್ತಲೇ ನಾಲ್ಕು ಪಾಠಗಳು ಬಿದ್ದಿವೆ.

ಮೊದಲ ಪಾಠ ಪಟ್ಟದಕಲ್ಲಿನಲ್ಲಿ, ಬಾದಾಮಿಯಿಂದ ಸುಮಾರು 22 ಕಿಲೋಮೀಟರ್. 1987ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿಯ ವಿರೂಪಾಕ್ಷ ದೇವಾಲಯ ಕಟ್ಟಿಸಿದವಳು ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, 8ನೇ ಶತಮಾನದಲ್ಲಿ, ಗಂಡ ಕಂಚಿ ಗೆದ್ದ ನೆನಪಿಗೆ. ರಾಜ ರಾಣಿಯರ ಹೆಸರು ಕಲ್ಲಿನ ಮೇಲೆ ಇರೋದು ದೊಡ್ಡದಲ್ಲ. ಅಲ್ಲಿ ಕೆಲಸಗಾರನ ಹೆಸರೂ ಇದೆ. ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಅನ್ನೋ ಬಿರುದು ಕೊಟ್ಟಿದ್ದನ್ನೂ ಶಾಸನ ಹೇಳುತ್ತೆ. ಸರ್ವಸಿದ್ಧಿ ಆಚಾರಿ ಅನ್ನೋ ಇನ್ನೊಬ್ಬನ ಹೆಸರೂ ಸಿಗುತ್ತೆ. ಇವರನ್ನ ಕರೆದಿರೋ ಪದ ಯಾವುದು ಗೊತ್ತಾ? ಸೂತ್ರಧಾರಿ. ಸೂತ್ರ ಅಂದ್ರೆ ದಾರ, ಅಳತೆಯ ದಾರ. ಅದನ್ನ ಕೈಯಲ್ಲಿ ಹಿಡಿದವನು ಸೂತ್ರಧಾರಿ. ಅಷ್ಟು ದೊಡ್ಡ ಗುಡಿಯ ಪ್ರತಿ ಕಲ್ಲನ್ನೂ ಅವನೊಬ್ಬನೇ ಕೆತ್ತಿರೋಕೆ ಸಾಧ್ಯವಾ? ನೂರು ಕೈಗಳು ಕೆತ್ತಿದ ಕಲ್ಲು ಒಂದೇ ಗೋಡೆಯಲ್ಲಿ ನೇರವಾಗಿ ಕೂರಬೇಕಲ್ಲ, ಅದನ್ನ ನೋಡಿಕೊಳ್ಳೋನೇ ಸೂತ್ರಧಾರಿ. ಪ್ರಾಜೆಕ್ಟ್ ಮ್ಯಾನೇಜರ್ ಅಂದ್ರೆ ಇದೇ.

ಇನ್ನೊಂದು ಮಾತು ಗಮನಿಸಿ. ರಾಣಿ ಆ ಹೆಸರನ್ನ ಮುಚ್ಚಿಡಲಿಲ್ಲ. ಟಿವಿಯಲ್ಲಿ ನಿಮಗೆ ಕಾಣೋದು ನನ್ನ ಮುಖ. ಹಿಂದೆ ಕ್ಯಾಮೆರಾದವರು, ಎಡಿಟರ್, ಪ್ರೊಡ್ಯೂಸರ್, ಮಳೆಯಲ್ಲಿ ನಿಂತು ಸುದ್ದಿ ಕಳಿಸೋ ವರದಿಗಾರ ಎಲ್ಲ ಇದ್ದಾರೆ. ವರದಿಗಾರನ ಹೆಸರನ್ನ ನಾನು ಬಾಯಿಬಿಟ್ಟು ಹೇಳಿದ ದಿನ ಅವನ ದನಿಯೇ ಬೇರೆ ಇರುತ್ತೆ. ಕೆಲಸ ಮಾಡಿದವನ ಹೆಸರು ಹೇಳೋದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಎಷ್ಟೋ ಬಾಸ್‌ಗಳಿಗೆ ಅದೇ ಬರಲ್ಲ.

ಎರಡನೇ ಪಾಠ ಇಳಕಲ್ಲಿನ ಮಗ್ಗದಲ್ಲಿ. ನಿಮ್ಮ ತಾಯಿ, ಅಜ್ಜಿಯ ಪೆಟ್ಟಿಗೆಯಲ್ಲಿ ಇಳಕಲ್ ಸೀರೆ ಇದ್ದರೆ ತೆಗೆದು ನೋಡಿ. ಸೀರೆಯ ಮೈಯ ಹಾಸು ಹತ್ತಿಯದ್ದು, ಸೆರಗಿನದ್ದು ರೇಷ್ಮೆ. ಸೆರಗಿಗೆ ಟೋಪ ತೆನಿ ಅಂತಾರೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ, ಕುಣಿಕೆಗೆ ಕುಣಿಕೆ ಹಾಕಿ ಸೇರಿಸ್ತಾರೆ. ಇದಕ್ಕೆ ಕೊಂಡಿ ಅಂತ ಹೆಸರು. ಹಾಗಾಗಿ ಹಾಸನ್ನ ಒಂದೊಂದು ಸೀರೆಯ ಉದ್ದಕ್ಕೆ, ಆರು ಗಜವೋ ಎಂಟು ಗಜವೋ ಒಂಬತ್ತು ಗಜವೋ, ಲೆಕ್ಕ ಹಾಕಿಯೇ ತಯಾರು ಮಾಡಬೇಕು. ಬಣ್ಣ ಹಾಕೋರು ಒಬ್ಬರು, ನೂಲು ಸುತ್ತೋರು ಒಬ್ಬರು, ಹಾಸು ಹೂಡೋರು ಒಬ್ಬರು, ನೇಯೋರು ಮತ್ತೊಬ್ಬರು. ಮನೆ ಮಂದಿಯೆಲ್ಲ ಸೇರಿದರೆ ಒಂದು ಸೀರೆ.

ಪ್ರಾಜೆಕ್ಟ್‌ಗಳು ಎಲ್ಲಿ ಕೆಡ್ತವೆ ಹೇಳಿ? ಒಬ್ಬ ಸರ್ಕ್ಯೂಟ್ ಮಾಡಿರ್ತಾನೆ, ಇನ್ನೊಬ್ಬಳು ಪ್ರೋಗ್ರಾಂ ಬರೆದಿರ್ತಾಳೆ. ಎರಡೂ ಸರಿಯಾಗೇ ಇರ್ತವೆ. ಕೂಡಿಸೋ ದಿನ ನೋಡಿದರೆ ಇವನ ಬೋರ್ಡಿಗೂ ಅವಳ ಪ್ರೋಗ್ರಾಮಿಗೂ ತಾಳೆಯೇ ಇಲ್ಲ. ಪ್ರದರ್ಶನ ನಾಳೆ ಬೆಳಗ್ಗೆ ಹತ್ತಕ್ಕೆ! ಇಬ್ಬರ ಕೆಲಸದ ನಡುವಿನ ಕೊಂಡಿ ಯಾರ ಹೊಣೆ ಅಂತ ಮೊದಲ ದಿನ ಯಾರೂ ಬರೆದಿಟ್ಟಿರಲಿಲ್ಲ. ಇಳಕಲ್ಲಿನಲ್ಲಿ ಮಗ್ಗಕ್ಕೆ ಕೂರೋ ಮುಂಚೆಯೇ ಕೊಂಡಿಯ ಲೆಕ್ಕ ಆಗಿರುತ್ತೆ. ಕೊನೆಯ ವರ್ಷದ ಹುಡುಗರನ್ನ ಒಂದು ದಿನ ಅಲ್ಲಿಗೆ ಕರಕೊಂಡು ಹೋಗಿ ಸ್ವಾಮಿ, ಸಮನ್ವಯ ಅಂದ್ರೇನು ಅಂತ ಹತ್ತು ಸ್ಲೈಡ್ ಹಾಕಿ ಹೇಳಬೇಕಾಗಿಲ್ಲ.

ಮೂರನೆಯದು ಹುನಗುಂದ ತಾಲ್ಲೂಕಿನ ಐಹೊಳೆ. ನಾವು ಗುಡಿ ನೋಡಿ, ಫೋಟೋ ತೆಗೆಸಿಕೊಂಡು ಬರ್ತೀವಿ. ಆದರೆ ಆ ಊರಿನ ಹೆಸರು ಹೊತ್ತ ಒಂದು ವ್ಯಾಪಾರಿ ಸಂಘ ಇತ್ತು, ಅಯ್ಯಾವೊಳೆ ಐನೂರ್ವರು. ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ, ಸಮುದ್ರದಾಚೆಗೂ ವ್ಯಾಪಾರ. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ 1088ರ ಒಂದು ತಮಿಳು ಶಾಸನದಲ್ಲಿ ಈ ಐನೂರ್ವರ ಪ್ರಸ್ತಾಪ ಇದೆ. ಫೋನ್ ಇಲ್ಲ, ಈಮೇಲ್ ಇಲ್ಲ. ತಿಂಗಳುಗಟ್ಟಲೆ ದೂರದಲ್ಲಿರೋ ಮನುಷ್ಯನಿಗೆ ಸರಕು ಕೊಟ್ಟು ಕಳಿಸಬೇಕು. ಏನು ಧೈರ್ಯ? ಸಂಘಕ್ಕೆ ತನ್ನದೇ ಕಟ್ಟುಪಾಡು ಇತ್ತು, ವೀರ ಬಣಂಜು ಧರ್ಮ ಅಂತ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿದ್ದರೆ ದೂರ ಇದ್ದರೂ ನಂಬಿಕೆ ಉಳಿಯುತ್ತೆ. ನಿಮ್ಮ ನಾಲ್ಕು ಜನರ ಟೀಮಿಗೆ ಒಂದು ಪುಟದ ಕಟ್ಟುಪಾಡು ಇದೆಯಾ? ಮೀಟಿಂಗಿಗೆ ಬರದಿದ್ದರೆ ಏನು, ದುಡ್ಡು ಯಾರ ಹತ್ತಿರ, ಜಗಳ ಆದರೆ ಯಾರ ಮಾತು ಕೊನೆ? ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅಂತೀರಾ? ಸ್ನೇಹ ಉಳೀಬೇಕು ಅಂತಾನೇ.

ನಾಲ್ಕನೇ ಪಾಠ ಎಲ್ಲಕ್ಕಿಂತ ಭಾರ. ಅದು ಬಾಗಲಕೋಟೆಯೇ. ಆಲಮಟ್ಟಿಯ ಹಿನ್ನೀರಿಗೆ ಊರಿನ ದೊಡ್ಡ ಭಾಗ ಹೋಯಿತು. ನವನಗರ ಎದ್ದಿತು. ಅದರ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅಂಥ ದೊಡ್ಡ ವಾಸ್ತುಶಿಲ್ಪಿ ಕೆಲಸ ಮಾಡಿದ್ದರು. ಸೆಕ್ಟರು, ರಸ್ತೆ, ಚರಂಡಿ ಎಲ್ಲ ನಕ್ಷೆಯ ಮೇಲೆ ಬಂತು. ಆದರೆ ಓಣಿ ಅನ್ನೋದು ನಕ್ಷೆಯಲ್ಲಿ ಹೇಗೆ ಬರುತ್ತೆ? ಕಟ್ಟೆಯ ಮೇಲೆ ಕೂತು ಮಾತಾಡ್ತಿದ್ದ ಅಕ್ಕಪಕ್ಕದವರು ಬೇರೆ ಬೇರೆ ಸೆಕ್ಟರಿಗೆ ಹೋದರೆ ಅದಕ್ಕೆ ಪರಿಹಾರ ಯಾವ ಕಾಲಂನಲ್ಲಿ ಬರೀತೀರಿ? ಆ ಜಿಲ್ಲೆಯಲ್ಲಿ ಮುಳುಗಡೆ ಅನ್ನೋದು ಬರೀ ಒಂದು ಪದ ಅಲ್ಲ.

ಈಗ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸೋ ಮಟ್ಟ 519.60 ಮೀಟರ್. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಅವಕಾಶ ಕೊಟ್ಟಿತು. ಇಂಜಿನಿಯರಿಗೆ ಇದು ನಾಲ್ಕು ಚಿಲ್ಲರೆ ಮೀಟರ್. ಹೊಳೆ ದಂಡೆಯ ರೈತನಿಗೆ ಅದು ತನ್ನ ಹೊಲ, ತನ್ನ ಮನೆಯ ಹೊಸ್ತಿಲು. ಒಂದು ದಿನ ನಮ್ಮದೇ ಸಿವಿಲ್ ಇಂಜಿನಿಯರಿಂಗ್ ಹುಡುಗಿ ಸರ್ವೆ ಮಾಡೋಕೆ ಅಂಥ ಊರಿಗೆ ಹೋಗ್ತಾಳೆ ಅಂದುಕೊಳ್ಳಿ. ಯಂತ್ರ ಹಿಡಿಯೋದು ಕಾಲೇಜು ಕಲಿಸಿದೆ. ಆದರೆ ಸಿಟ್ಟಿನಲ್ಲಿ ನಿಂತಿರೋ ಹಿರಿಯರ ಮುಂದೆ ನಿಂತು, "ಯಜಮಾನ್ರ, ಬರ್ರಿ, ನಿಮ್ಮ ಮನಿ ಮಟಾ ನೀರು ಬರತೈತೋ ಇಲ್ಲೋ, ನೀವ ನೋಡ್ರಿ. ಗೊತ್ತಿದ್ದಷ್ಟು ಹೇಳತೀನಿ, ಗೊತ್ತಿಲ್ಲದ್ದು ಕೇಳಿಕೊಂಡು ಬಂದು ಹೇಳತೀನಿ" ಅನ್ನೋದನ್ನ ಯಾರು ಕಲಿಸಿದರು? ಕೆಟ್ಟ ಸುದ್ದಿಯನ್ನ ಬೇಗ ಹೇಳೋದು, ಸುಳ್ಳು ಭರವಸೆ ಕೊಡದೆ ಹೇಳೋದು, ಅವರ ಭಾಷೆಯಲ್ಲೇ ಹೇಳೋದು. ನಾಯಕತ್ವದ ಪರೀಕ್ಷೆ ಅಂದ್ರೆ ಇದು. ಇಲ್ಲಿ ಸಪ್ಲಿಮೆಂಟರಿ ಇಲ್ಲ.

ಸರಿ, ಕಲಿಯೋದು ಹೇಗೆ? ಕೊನೆಯ ಸೆಮಿಸ್ಟರಿನವರೆಗೆ ಕಾಯಬೇಡಿ. ಮೊದಲ ವರ್ಷದಿಂದಲೇ ಸಣ್ಣ ಹೊಣೆ ಒಂದನ್ನ ಹೊತ್ತುಕೊಳ್ಳಿ. ಎನ್‌ಎಸ್‌ಎಸ್‌ನಲ್ಲಿ ಏಳು ದಿನದ ಶಿಬಿರ ಇರುತ್ತೆ. ಭಾಷಣ ಕೇಳೋಕೆ ಹೋಗಬೇಡಿ, ಅಡುಗೆಯ ಲೆಕ್ಕ ನನಗೆ ಕೊಡಿ ಅನ್ನಿ. ಐವತ್ತು ಜನಕ್ಕೆ ಏಳು ದಿನ ರೊಟ್ಟಿ, ಪಲ್ಯ, ಅನ್ನ, ಸಾರು ಸಮಯಕ್ಕೆ ಸರಿಯಾಗಿ ಬರೋ ಹಾಗೆ ನೋಡಿಕೊಂಡವನಿಗೆ ಯೋಜನೆ, ಖರೀದಿ, ದಾಸ್ತಾನು, ಬೈಗುಳ ಎಲ್ಲದರ ಪರಿಚಯ ಒಂದೇ ವಾರದಲ್ಲಿ ಆಗುತ್ತೆ.

ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಅಂತ ತಂದಿತು, ಪೂರ್ತಿ ನಾಲ್ಕು ವರ್ಷ ಓದೋರಿಗೆ 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಹಳ್ಳಿಗೆ ಹೋಗಿ, ಸಮಾಜದ ಜೊತೆ ಕೆಲಸ ಮಾಡಿ ಅಂತ ಉದ್ದೇಶ. ಅದನ್ನ ಸರ್ಟಿಫಿಕೇಟ್ ಸಂಗ್ರಹ ಮಾಡಿಕೊಂಡರೆ ಯಾರಿಗೆ ಮೋಸ? ಒಂದೇ ಹಳ್ಳಿ, ಒಂದೇ ಸಮಸ್ಯೆ ಹಿಡೀರಿ. ಕುಡಿಯೋ ನೀರೋ, ಮಗ್ಗದ ಮನೆಯ ಬೆಳಕೋ, ಶಾಲೆಯ ಶೌಚಾಲಯವೋ. ಮುಗಿಯೋವರೆಗೆ ಬಿಡಬೇಡಿ.

ಪ್ರಾಜೆಕ್ಟ್ ಶುರುವಾದ ದಿನ ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ವಾರ ನಾಲ್ಕು ಸಾಲು: ಯಾರು ಏನು ಮಾಡ್ತೀನಿ ಅಂದರು, ಏನು ಆಯ್ತು, ಏನು ಆಗಲಿಲ್ಲ, ಎಷ್ಟು ಖರ್ಚಾಯ್ತು. ಕೆಳಗೆ ನಾಲ್ವರ ಸಹಿ. ಟೀಮ್ ಲೀಡರ್ ಕುರ್ಚಿಯನ್ನ ಎರಡು ತಿಂಗಳಿಗೊಬ್ಬರಂತೆ ತಿರುಗಿಸಿ. ಹಿಂದೆ ಕೂರೋನಿಗೂ ಒಮ್ಮೆ ಮುಂದೆ ನಿಲ್ಲೋ ಅಭ್ಯಾಸ ಆಗಲಿ. ಒಂದು ಕೆಟ್ಟ ರೂಢಿ ಇದೆ, ಅದನ್ನೂ ಹೇಳ್ತೀನಿ. ಟೀಮಲ್ಲಿ ಹುಡುಗಿ ಇದ್ದರೆ ರಿಪೋರ್ಟ್ ಟೈಪ್ ಮಾಡೋ ಕೆಲಸ ಅವಳಿಗೆ, ಲ್ಯಾಬಿನ ಕೆಲಸ ಹುಡುಗರಿಗೆ. ಯಾಕೆ? ಎಂಟನೇ ಶತಮಾನದಲ್ಲೇ ಒಬ್ಬ ಹೆಣ್ಣುಮಗಳು ಪಟ್ಟದಕಲ್ಲಿನಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿಸಿದ್ದಾಳೆ ಅನ್ನೋದನ್ನ ನೆನಪಿಡಿ.

ಕಾಲೇಜುಗಳಿಗೂ ಒಂದು ಮಾತು. ನಾಲ್ವರಿಗೂ ಒಂದೇ ಮಾರ್ಕ್ಸ್ ಕೊಡೋದನ್ನ ನಿಲ್ಲಿಸಿ. ವೈವಾದಲ್ಲಿ ಪ್ರತಿಯೊಬ್ಬರನ್ನೂ ಪಕ್ಕದವರ ಕೆಲಸದ ಬಗ್ಗೆ ಕೇಳಿ. ಪಕ್ಕದವನು ಏನು ಮಾಡಿದ ಅಂತ ಹೇಳೋಕೆ ಬಂದರೆ ಅದು ಟೀಮು. ಬರದಿದ್ದರೆ ಅದು ನಾಲ್ಕು ಯುಎಸ್‌ಎನ್ ಅಷ್ಟೇ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ಆಯಿತು. ಆ ಒಪ್ಪಂದ ಬಯಸೋ ಇಂಜಿನಿಯರಿಗೆ ತಂಡದಲ್ಲಿ ದುಡಿಯೋದು, ಸಂವಹನ, ಪ್ರಾಜೆಕ್ಟ್ ನಿರ್ವಹಣೆ ಗೊತ್ತಿರಬೇಕು. ಮಾನ್ಯತೆಗೆ ಬಂದ ತಂಡದ ಮುಂದೆ ಅದು ಫೈಲಿನಲ್ಲಿ ಇದ್ದರೆ ಸಾಲದು, ಹುಡುಗರಲ್ಲಿ ಇರಬೇಕು.

ಅಪ್ಪ ಅಮ್ಮಂದಿರೇ, ಮಗ ಕಾಲೇಜಿನ ಕಾರ್ಯಕ್ರಮಕ್ಕೆ ಓಡಾಡ್ತಾನೆ, ಶಿಬಿರಕ್ಕೆ ಹೋಗ್ತೀನಿ ಅಂತಾಳೆ ಮಗಳು ಅಂತ ಬೈಯೋ ಮುಂಚೆ ಒಂದು ಕ್ಷಣ ಯೋಚಿಸಿ. ಓದು ಬಿಟ್ಟು ಅಲೆಯೋದು ಬೇರೆ, ಹೊಣೆ ಹೊತ್ತು ಓಡಾಡೋದು ಬೇರೆ. ಯಾವುದು ಅಂತ ತಿಳಿಯೋಕೆ ಮೊದಲು ಹೇಳಿದ ಪ್ರಶ್ನೆ ಸಾಕು: ಯಾರು ಏನು ಮಾಡಿದಿರಿ? ಹೊಣೆ ಹೊತ್ತವರು ತಮ್ಮ ಕೆಲಸಕ್ಕಿಂತ ಮೊದಲು ಜೊತೆಯವರ ಹೆಸರು ಹೇಳ್ತಾರೆ. ಹಾಗೆ ಹೇಳಿದರೆ ನಿಶ್ಚಿಂತೆಯಿಂದ ಊಟ ಮಾಡಿ. ನಿಮ್ಮ ಮನೆಯಲ್ಲಿ ಒಬ್ಬ ಸೂತ್ರಧಾರಿ ತಯಾರಾಗ್ತಾ ಇದ್ದಾರೆ.