ಮರಳಿ ಬರುವ ಬಾಯಿಹುಣ್ಣು: ಎಚ್‌ಐವಿ ಸೋಂಕಿತ ಮಕ್ಕಳಲ್ಲಿ ಕಡೆಗಣಿಸಬಾರದ ಮುನ್ಸೂಚನೆ

ಹಾವೇರಿ ತಾಲ್ಲೂಕಿನ ಗುತ್ತಲ ಸುತ್ತಮುತ್ತಲಿನ ಮನೆಗಳಲ್ಲಿ ಮಗುವಿನ ನಾಲಿಗೆ ಬೆಳ್ಳಗಾಗಿ ಹುಣ್ಣಾದರೆ ಹಿರಿಯರ ಬಾಯಿಂದ ಬರುವ ಮೊದಲ ಮಾತು ‘ಉಷ್ಣ ಆಗೇತಿ’. ಎಷ್ಟೋ ಬಾರಿ ಅದು ತಾನಾಗಿಯೇ ವಾಸಿಯಾಗುವುದೂ ಉಂಟು. ಆದರೆ ಎಚ್‌ಐವಿ ಸೋಂಕಿರುವ ಮಗುವಿನ ಬಾಯಲ್ಲಿ ಈ ಬಿಳಿ ಪದರ ಗುಣವಾದ ಮೇಲೂ ಮತ್ತೆ ಮತ್ತೆ ಕಾಣಿಸಿಕೊಂಡರೆ ಅದನ್ನು ಉಷ್ಣವೆಂದು ತಳ್ಳಿಹಾಕುವಂತಿಲ್ಲ.

ಈ ಹುಣ್ಣಿಗೆ ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ. ಆರೋಗ್ಯವಂತರ ಬಾಯಿಯಲ್ಲೂ ಅದು ಇರುತ್ತದೆ; ರೋಗನಿರೋಧಕ ಶಕ್ತಿ ಅದನ್ನು ಹದ್ದುಬಸ್ತಿನಲ್ಲಿಟ್ಟಿರುತ್ತದೆ. ಎಚ್‌ಐವಿ ವೈರಾಣು ಸಿಡಿ4 ಎಂಬ ರಕ್ಷಕ ಕಣಗಳನ್ನು ನಾಶಪಡಿಸಿದಾಗ ಶಿಲೀಂಧ್ರ ತಲೆಯೆತ್ತುತ್ತದೆ. ನಾಲಿಗೆ, ಅಂಗುಳ ಹಾಗೂ ಕೆನ್ನೆಯ ಒಳಭಾಗದಲ್ಲಿ ಮೊಸರಿನ ಕೆನೆಯಂತಹ ಪದರ ಕಟ್ಟುತ್ತದೆ. ಒರೆಸಿದರೆ ಅಡಿಯಲ್ಲಿ ಕೆಂಪಗೆ ಕಾಣುತ್ತದೆ. ಎಳೆಗೂಸುಗಳಲ್ಲಿ, ಆ್ಯಂಟಿಬಯಾಟಿಕ್ ಸೇವಿಸಿದ ಮಕ್ಕಳಲ್ಲಿ ಎಚ್‌ಐವಿ ಇಲ್ಲದೆಯೂ ಇದು ಬರಬಹುದು. ಆದರೆ ಎಚ್‌ಐವಿ ಇರುವ ಮಕ್ಕಳಲ್ಲಿ, ಹುಟ್ಟಿದ ಮೊದಲ 6ರಿಂದ 8 ವಾರಗಳ ನಂತರವೂ ಬಿಡದೆ ಕಾಡುವ ಈ ಹುಣ್ಣನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗದ 3ನೇ ಹಂತದ ಲಕ್ಷಣವೆಂದು ಗುರುತಿಸಿದೆ. ಅದು ಅನ್ನನಾಳಕ್ಕೆ ಇಳಿದರೆ 4ನೇ ಹಂತ.

ನೋವಿನಿಂದ ಮಗು ಊಟ ಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಈ ಸೀಮೆಯಲ್ಲಿ ಮನೆಮಂದಿಗೆಲ್ಲ ಮಾಡಿದ ಖಾರದ ಅಡುಗೆಯನ್ನು ಅದು ಮುಟ್ಟಲಾರದು. ನುಂಗಲಾಗದೆ ಎಆರ್‌ಟಿ ಮಾತ್ರೆಯನ್ನೂ ಉಗುಳುತ್ತದೆ. ಮಾತ್ರೆ ತಪ್ಪಿದರೆ ವೈರಾಣು ಹೆಚ್ಚುತ್ತದೆ, ಹುಣ್ಣು ಮರಳುತ್ತದೆ. ಇಂತಹ ದಿನಗಳಲ್ಲಿ ಗಂಜಿ, ಮೊಸರನ್ನ, ಬಾಳೆಹಣ್ಣಿನಂತಹ ಮೆತ್ತನೆಯ ಆಹಾರ ಕೊಡಬೇಕು. ಬಿಳಿಗಾರ ಹಚ್ಚುವುದು ಅಪಾಯಕರ. ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಸಲ್ಲದು.

ನಿಸ್ಟಾಟಿನ್ ಹನಿ ಅಥವಾ ಫ್ಲುಕೋನಜೋಲ್‌ನಿಂದ ಹುಣ್ಣು ಮಾಯುತ್ತದೆ. ಬಿಳುಪು ಹೋದೊಡನೆ ಔಷಧಿ ನಿಲ್ಲಿಸದೆ ವೈದ್ಯರು ಹೇಳಿದಷ್ಟು ದಿನ ಕೊಡಬೇಕು. ಆದರೆ ಈ ಔಷಧಿ ಶಮನಗೊಳಿಸುವುದು ಹುಣ್ಣನ್ನು ಮಾತ್ರ. ಎಆರ್‌ಟಿ ಪಡೆಯುತ್ತಿರುವ ಮಗುವಿಗೆ ಅದು ಮರಳಿ ಬಂದರೆ ಮಾತ್ರೆಗಳು ತಪ್ಪುತ್ತಿವೆಯೇ, ಬೆಳೆದ ತೂಕಕ್ಕೆ ತಕ್ಕಂತೆ ಪ್ರಮಾಣ ಬದಲಾಗಿದೆಯೇ, ರಕ್ತದಲ್ಲಿ ವೈರಾಣುವಿನ ಪ್ರಮಾಣ ಎಷ್ಟಿದೆ ಎಂಬುದನ್ನು ಪರೀಕ್ಷಿಸಲೇಬೇಕು. ಅಗತ್ಯವಿದ್ದರೆ ವೈದ್ಯರು ಎಆರ್‌ಟಿ ಔಷಧಿಯನ್ನೇ ಬದಲಿಸುತ್ತಾರೆ.

ಕರ್ನಾಟಕ ಸೇರಿದಂತೆ ಆರು ರಾಜ್ಯಗಳಲ್ಲಿ ಸರ್ಕಾರ 2004ರಲ್ಲಿ ಉಚಿತ ಎಆರ್‌ಟಿ ಆರಂಭಿಸಿತು. 2006ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಕಾರ್ಯಕ್ರಮ ಬಂದಿತು. 2017ರಿಂದ ಸಿಡಿ4 ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಲಭ್ಯವಿದೆ. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ.

ಆದರೂ ಊರವರಿಗೆ ತಿಳಿದೀತೆಂಬ ಅಂಜಿಕೆಯಿಂದ ಮಗುವನ್ನು ಕರೆದೊಯ್ಯಲು ಹಿಂಜರಿಯುವವರಿದ್ದಾರೆ. 2017ರಲ್ಲಿ ಅಂಗೀಕಾರಗೊಂಡು 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯು ಶಾಲೆ, ಆಸ್ಪತ್ರೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನೂ ತಡೆದಿದೆ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಕೂಡಿ ಆಡುವುದರಿಂದ ಎಚ್‌ಐವಿ ಹರಡದು. ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು. ಮಗುವಿಗೆ ನುಂಗುವಾಗ ನೋವಾದರೆ, ನೀರೂ ಇಳಿಯದಿದ್ದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.