ಕಲ್ಲೂ ಕಲ್ನಾಡೂ

ಪ್ರತಿವರ್ಷವೂ ಡಿಸೆಂಬರ್ 7ನೆಯ ತಾರೀಖು ಸಶಸ್ತ್ರ ಸೇನಾ ಧ್ವಜದಿನವೆಂದು ದೇಶದಲ್ಲೆಲ್ಲ ಆಚರಿಸಲ್ಪಡುತ್ತಿದೆ. 1949ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ರಕ್ಷಣಾ ಮಂತ್ರಿಗಳ ಸಮಿತಿಯು ಈ ದಿನವನ್ನು ಗೊತ್ತುಮಾಡಿದಾಗ ಅದರ ಉದ್ದೇಶವನ್ನೂ ಸ್ಪಷ್ಟಪಡಿಸಿತ್ತು. ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೂ, ಅಂಗಹೀನರಾದವರಿಗೂ, ಸೇವೆಯಿಂದ ನಿವೃತ್ತರಾದವರಿಗೂ ಮಹಾಜನರು ಕೈಲಾದಷ್ಟು ನೆರವಾಗತಕ್ಕದ್ದೆಂಬುದೇ ಆ ಉದ್ದೇಶ. ಆದರೆ ಈಚೆಗೆ ಆ ದಿನವು ಚಿಕ್ಕ ಬಾವುಟವೊಂದನ್ನು ಎದೆಗೆ ಚುಚ್ಚಿಕೊಳ್ಳುವುದರಲ್ಲಿಯೂ, ಎರಡು ನಿಮಿಷ ಮೌನವಾಗಿ ನಿಲ್ಲುವುದರಲ್ಲಿಯೂ ಮುಗಿದುಹೋಗುತ್ತಿರುವುದನ್ನು ಕಂಡು, ಈ ವಿಷಯದಲ್ಲಿ ನಮ್ಮ ಹಿರಿಯರ ಪದ್ಧತಿ ಹೇಗಿತ್ತೆಂಬುದನ್ನು ವಾಚಕರ ಮುಂದಿಡಬೇಕೆಂದು ತೋರಿತು.

ನಮ್ಮ ರಾಜಧಾನಿಯ ಹೆಸರು ಮೊಟ್ಟಮೊದಲು ಕಾಣಸಿಗುವುದು ಯಾವ ಅರಸನ ಪ್ರಶಸ್ತಿಯಲ್ಲಿಯೂ ಅಲ್ಲ. ಕಾಳಗದಲ್ಲಿ ಬಿದ್ದ ಒಬ್ಬಾತನ ನೆನಪಿನ ಬರಹದಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ ಶಿಲಾಲೇಖವು, ನಾಗತ್ತರನೆಂಬ ನಾಯಕನ ಮನೆಗೆ ಸೇರಿದವನೊಬ್ಬನು ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ತಿಳಿಸುತ್ತದೆ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನಿಗೂ ನೊಳಂಬ ವೀರಮಹೇಂದ್ರನಿಗೂ ತುಂಬೆಪಾಡಿಯಲ್ಲಿ ನಡೆದ ಯುದ್ಧದಲ್ಲಿ ಈ ನಾಗತ್ತರನೇ ಮಡಿದನೆಂದು ಅದು ಹೇಳುತ್ತದೆ. ಆನೆ, ಕುದುರೆ, ಕಾಲಾಳುಗಳು ಇಕ್ಕಟ್ಟಾಗಿ ಹೊಡೆದಾಡುವ ಆ ಶಿಲ್ಪವನ್ನು ನೋಡಿ ಮೆಚ್ಚುವವರು ಅನೇಕರು. ಬರಹದ ಕೊನೆಯ ಭಾಗವನ್ನು ಗಮನಿಸುವವರು ಕೆಲವರು. ಎರೆಯಪ್ಪನು ಸಂಗತಿಯನ್ನು ಕೇಳಿ ಮೆಚ್ಚಿ, ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಊರುಗಳನ್ನು ಕಲ್ನಾಡಾಗಿ ಬಿಟ್ಟನೆಂದು ಅಲ್ಲಿದೆ. ಆ ಊರುಗಳ ಹೆಸರುಗಳನ್ನೂ ಒಂದೊಂದಾಗಿ ಕೊರೆಯಿಸಿದೆ.

ಕಲ್ನಾಡೆಂದರೆ ವೀರನ ಸಲುವಾಗಿ ಬಿಟ್ಟ ಭೂಮಿ. ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಶಬ್ದಗಳೂ ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ನೆತ್ತರಿಗೆ ಪ್ರತಿಯಾಗಿ ಕೊಟ್ಟ ಕೊಡುಗೆ ಎಂಬ ಮಾತನ್ನು ಒಂದೇ ಪದದಲ್ಲಿ ಹೇಳಬಲ್ಲ ಭಾಷೆ ನಮ್ಮದು. ನಮ್ಮ ಪೂರ್ವಿಕರು ಮಡಿದವನಿಗೆ ಎರಡು ಋಣಗಳನ್ನು ಸಲ್ಲಿಸಿದರು. ಹೆಸರು ಅಳಿಯದಂತೆ ಕಲ್ಲು ಮೊದಲನೆಯದು. ಹಿಂದುಳಿದವರು ಹಸಿಯದಂತೆ ನೆಲ ಎರಡನೆಯದು. ಇವೆರಡರಲ್ಲಿ ಒಂದು ತಪ್ಪಿದರೂ ಸ್ಮರಣೆಯು ಅರ್ಧವಾಗುತ್ತದೆ.

ಈಗ ನಗರದ ಮೂಡಣಕ್ಕೆ ಬರೋಣ. ಪಟ್ಟಂದೂರು ಅಗ್ರಹಾರದ ಹೆಸರನ್ನು ಇಂದು ಕೇಳದವರಿಲ್ಲ. 2023ರ ಮಾರ್ಚಿಯಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ರೈಲು ಬಂದಂದಿನಿಂದ ಆ ಹೆಸರನ್ನು ಹೊತ್ತ ನಿಲ್ದಾಣದಲ್ಲಿ ದಿನವೂ ಜನ ಇಳಿಯುತ್ತಾರೆ; ಇಳಿದವರು ಸುತ್ತಣ ಗಣಕಯಂತ್ರದ ಕಚೇರಿಗಳಿಗೆ ಧಾವಿಸುತ್ತಾರೆ. ಅಗ್ರಹಾರವೆಂದರೆ ವಿದ್ಯಾವಂತರ ಜೀವನಕ್ಕಾಗಿ ಬಿಟ್ಟ ದತ್ತಿ. ವಿದ್ಯೆಗೆ ನೆಲವನ್ನು ಬಿಟ್ಟ ನಾಡೇ ಪ್ರಾಣಕ್ಕೂ ನೆಲವನ್ನು ಬಿಟ್ಟಿತು. ಅಗ್ರಹಾರವೂ ಕಲ್ನಾಡೂ ಒಂದೇ ಕೃತಜ್ಞತೆಯ ಎರಡು ರೂಪಗಳು. ಈ ಅಗ್ರಹಾರದಲ್ಲಿ ಇಂದಿಗೂ ವಿದ್ಯೆಯು ಚೆನ್ನಾಗಿ ಫಲಿಸುತ್ತಿದೆಯೆಂಬುದಕ್ಕೆ ಗಗನಚುಂಬಿ ಕಟ್ಟಡಗಳೇ ಸಾಕ್ಷಿ. ಆ ಕಟ್ಟಡಗಳ ಹೆಬ್ಬಾಗಿಲಲ್ಲಿ ನಿಂತವರನ್ನು ಒಂದು ಗಳಿಗೆ ನೋಡಿರಿ. ನೆಟ್ಟಗೆ ನಿಂತು, ಒಳಹೋಗುವ ಬಂಡಿಗಳಿಗೆ ವಂದನೆ ಸಲ್ಲಿಸುವ ಕಾವಲುಗಾರರಲ್ಲಿ ಹಿಮದ ಗಡಿಯಲ್ಲಿ ರಾತ್ರಿಗಳನ್ನು ಕಳೆದು ಬಂದ ಸಿಪಾಯಿಗಳೂ ಇದ್ದಾರೆ. ಸಿಪಾಯಿಯು ನಾಲ್ವತ್ತರ ಆಸುಪಾಸಿನಲ್ಲಿಯೇ ಸೇನೆಯನ್ನು ಬಿಟ್ಟು ಬರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುವ ವಯಸ್ಸು ಅದು. ಅವನು ದುಡಿಯಲೇಬೇಕು. ದುಡಿಮೆಯಲ್ಲಿ ಅವಮಾನವೇನೂ ಇಲ್ಲ. ಆದರೆ ಅವನು ಯಾರೆಂದು ಕೇಳದೆ ದಿನವೂ ಅವನ ವಂದನೆಯನ್ನು ಸ್ವೀಕರಿಸುವುದು ನಮಗೆ ಶೋಭಿಸುವುದಿಲ್ಲ.

ಕಲ್ಲಿನ ವಿಷಯದಲ್ಲಿಯೂ ನಮ್ಮ ಅಲಕ್ಷ್ಯ ಕಡಿಮೆಯದಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಭರ್ಜಿ ಹಿಡಿದು ಗೆದ್ದವು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಆ ದಿನ ಸೆರೆಸಿಕ್ಕಿದ ಶತ್ರುಗಳು 1350 ಮಂದಿ. ಆ ಯುದ್ಧವು ಸಾಮ್ರಾಜ್ಯದ ಯುದ್ಧವಾಗಿತ್ತು, ನಮ್ಮ ಸ್ವಾತಂತ್ರ್ಯದ್ದಾಗಿರಲಿಲ್ಲ ಎಂಬುದು ನಿಜ. ಆದರೆ ಕಳುಹಿಸಿದವರ ಉದ್ದೇಶಕ್ಕಾಗಿ ಹೋದವರ ಶೌರ್ಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ದೆಹಲಿಯ ತೀನ್‌ಮೂರ್ತಿ ಸ್ಮಾರಕದ ಚೌಕಕ್ಕೆ 2018ರಲ್ಲಿ ಹೈಫಾದ ಹೆಸರು ಸೇರಿತು. ನಮ್ಮ ಊರಿನ ಜಯಚಾಮರಾಜೇಂದ್ರ ನಗರದ ಕಡೆ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕಸ್ತಂಭ ನಿಂತಿರುವುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ದಾಖಲೆಯನ್ನು ಸರಿಯಾಗಿಡದಿದ್ದರೆ ಏನಾಗುವುದೆಂಬುದಕ್ಕೆ ಕೊಡಗಿನ ಅಜ್ಜಮಾಡ ದೇವಯ್ಯನವರ ಕಥೆಯೇ ನಿದರ್ಶನ. 1965ರ ಸೆಪ್ಟೆಂಬರ್ 7ರಂದು ಸರಗೋಧಾ ವಿಮಾನನೆಲೆಯ ಮೇಲಿನ ದಾಳಿಗೆ ಹೋದ ಈ ಸ್ಕ್ವಾಡ್ರನ್ ಲೀಡರ್ ಹಿಂತಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನವು ಪೆಟ್ಟು ತಿಂದಿದ್ದರೂ, ತಮಗಿಂತ ಬಹು ವೇಗದ ಶತ್ರುವಿಮಾನವೊಂದನ್ನು ಕೆಡವಿಯೇ ಅವರು ಬಿದ್ದರು. ಇದನ್ನು ಕಂಡು ಬಂದು ಹೇಳತಕ್ಕವರು ನಮ್ಮ ಕಡೆ ಯಾರೂ ಇರಲಿಲ್ಲ. 1979ರಲ್ಲಿ ಆಂಗ್ಲ ಲೇಖಕರೊಬ್ಬರು ಪಾಕಿಸ್ತಾನದ ವಾಯುದಳದ ಕಡೆಯಿಂದ ಬರೆದ ಗ್ರಂಥದಿಂದ ಸಂಗತಿ ಹೊರಬಿದ್ದಿತು. 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ದೊರೆಯಿತು. ಇಪ್ಪತ್ತಮೂರು ವರ್ಷಗಳ ಕಾಲ ಅವರ ಪತ್ನಿಯು ಕಾದಿದ್ದರು.

ನಗರದಲ್ಲಿ ಈಗ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ. ಅಲ್ಲಿ ನಿಲ್ಲಿಸಿರುವ ಬೃಹತ್ತಾದ ಏಕಶಿಲೆಗೆ ವೀರಗಲ್ಲೆಂಬ ನಮ್ಮ ಹಳೆಯ ಹೆಸರನ್ನೇ ಇಟ್ಟಿರುವುದೂ, ಮಡಿದ ಸಾವಿರಾರು ಮಂದಿಯ ಹೆಸರುಗಳನ್ನು ಕೊರೆಯಿಸಿರುವುದೂ ಸಂತೋಷದ ವಿಷಯ. ಕಲ್ಲಿನ ಋಣ ಇಷ್ಟರಮಟ್ಟಿಗೆ ತೀರಿತೆನ್ನೋಣ. ಕಲ್ನಾಡಿನ ಋಣದ ಮಾತೇನು? 1969ರ ಭೂಮಂಜೂರಾತಿ ನಿಯಮಗಳು ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲನ್ನು ಕಾದಿರಿಸಿವೆ. ನಿಯಮವಿರುವುದು ಒಂದು, ಅದು ವಿಧವೆಯ ಕೈಗೆ ಪತ್ರವಾಗಿ ತಲಪುವುದು ಇನ್ನೊಂದು. ಚದರಡಿಯ ಲೆಕ್ಕದಲ್ಲಿ ನೆಲ ಮಾರಾಟವಾಗುವ ಪಟ್ಟಂದೂರಿನಂತಹ ಕಡೆ ಕೊಡಲು ಭೂಮಿ ಎಲ್ಲಿದೆಯೆಂದು ಕೇಳಬಹುದು. ನೆಲವಿಲ್ಲವಾದರೆ ಉದ್ಯೋಗವೇ ಇಂದಿನ ಕಲ್ನಾಡು. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಸೇರುವ ತರುಣರಲ್ಲಿ ನಾಲ್ಕು ವರ್ಷಗಳ ನಂತರ ಉಳಿಸಿಕೊಳ್ಳಲ್ಪಡುವವರು ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ. ಮಿಕ್ಕವರು ಒಂದು ಇಡಿಗಂಟಿನೊಡನೆ, ವೇತನವಿಶ್ರಾಂತಿಯಿಲ್ಲದೆ, ಊರಿಗೆ ಬರುವರು. ಯೋಜನೆಯ ಗುಣದೋಷಗಳ ಚರ್ಚೆ ಬೇರೆ. ಬಂದವರನ್ನು ನಾವು ಯಾವ ಕೆಲಸಕ್ಕೆ ಯೋಗ್ಯರೆಂದು ಎಣಿಸುವೆವೆಂಬ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ ಸಿದ್ಧವಾಗಿರಬೇಕು. ಹೆಬ್ಬಾಗಿಲಿನ ಕಾವಲೊಂದೇ ಆ ಉತ್ತರವಾಗಬಾರದು. ಕಟ್ಟಡದ ಒಳಗಿನ ಕೆಲಸಗಳಿಗೆ ಅವರನ್ನು ತರಬೇತು ಮಾಡುವುದು ಪಟ್ಟಂದೂರಿನ ಶ್ರೀಮಂತ ಸಂಸ್ಥೆಗಳಿಗೆ ಅಸಾಧ್ಯವೇನೂ ಅಲ್ಲ.

ಅಧಿಕಾರಿಗಳಾದ ನಮ್ಮ ವಾಚಕರಲ್ಲಿ ಒಂದು ಬಿನ್ನಹ. ಮಡಿದ ಸೈನಿಕನ ಮನೆಯವರ ಅರ್ಜಿಯು ತಮ್ಮ ಮೇಜಿಗೆ ಬಂದಾಗ, ಅದನ್ನು ನೆತ್ತರುಗೊಡಗೆಯ ಕಾಗದವೆಂದು ತಿಳಿದು, ಬಂದ ತಾರೀಖನ್ನೂ ತೀರಿದ ತಾರೀಖನ್ನೂ ಒಂದರ ಪಕ್ಕದಲ್ಲೊಂದು ಬರೆಯಿಸಲಿ. ನಾಗರಿಕರಲ್ಲಿಯೂ ಒಂದು ಮಾತು: ಡಿಸೆಂಬರ್ 7ರಂದು ಬಾವುಟವನ್ನು ಕೊಂಡಮೇಲೆ, ಬಾಗಿಲಲ್ಲಿ ನಿಂತವನ ಹೆಸರನ್ನೂ, ಊರನ್ನೂ, ಅವನು ಸೇವೆ ಸಲ್ಲಿಸಿದ ದಳವನ್ನೂ ಕೇಳಿರಿ. ಸಾವಿರದ ನೂರು ವರ್ಷಗಳ ಹಿಂದೆ ಬೇಗೂರಿನ ಕಲ್ಲುಕುಟಿಗನೂ ಉಳಿಯನ್ನು ಎತ್ತುವ ಮೊದಲು ಇವನ್ನೇ ಕೇಳಿ ತಿಳಿದಿರಬೇಕು.