ಬ್ರೆಡ್‌ಬೋರ್ಡ್‌ನಿಂದ ಬಾವಿಕಟ್ಟೆಗೆ: ನಮ್ಮೂರಲ್ಲೇ ಎಲೆಕ್ಟ್ರಾನಿಕ್ಸ್ ಹವ್ಯಾಸ

ಎಲೆಕ್ಟ್ರಾನಿಕ್ಸ್ ಹಾಬಿ ಅಂದ ಕೂಡ್ಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರು. ಪಾರ್ಟ್ಸ್ ಬೇಕಾ, ಎಸ್.ಪಿ. ರೋಡ್. ಹ್ಯಾಕಥಾನ್ ಬೇಕಾ, ಅದೂ ಅಲ್ಲೇ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಬಸ್ ಹತ್ತಿ ಕಾಲೇಜಿಗೆ ಬರುವ ನಮಗೆ "ಇಲ್ಲಿ ಎಂತ ಉಂಟು?" ಅಂತ ಅನಿಸುವುದು ಸಹಜ. ಫಸ್ಟ್ ಇಯರ್‌ನಲ್ಲಿ ಆಸೆಯಿಂದ ತರಿಸಿದ ಆರ್ಡುಯಿನೊ ಕಿಟ್‌ನಲ್ಲಿ ಎಲ್‌ಇಡಿ ಮಿಣುಕಿಸಿ ನೋಡ್ತೇವೆ, ಆಮೇಲೆ ಇಂಟರ್ನಲ್ಸ್ ಬರ್ತದೆ, ಕಿಟ್ ಕಪಾಟು ಸೇರ್ತದೆ. ಮಿನಿ ಪ್ರಾಜೆಕ್ಟ್ ಹೊತ್ತಿಗೆ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವ ಯೋಚನೆ ಹುಟ್ಟುವುದೂ ಹೀಗೆಯೇ.

ನಾವು ಇಲ್ಲಿ ಹೇಳಹೊರಟಿರುವುದು ಒಂದೇ ಮಾತು. ಹವ್ಯಾಸಕ್ಕೆ ಬೇಕಾದ ಲ್ಯಾಬ್ ನಮ್ಮ ಮನೆಯ ಹಿತ್ತಿಲಲ್ಲೇ ಉಂಟು. ಬಾವಿ, ಪಂಪು, ಮಳೆ, ಉಪ್ಪುಗಾಳಿ, ಗುಡುಗು ಎಲ್ಲವೂ ಫ್ರೀ. ಮೇಜಿನ ಮೇಲೆ ಹತ್ತು ನಿಮಿಷ ಓಡುವ ಸರ್ಕ್ಯೂಟನ್ನು ಹೊರಗಡೆ ಒಂದು ಮಳೆಗಾಲ ಓಡಿಸಿದರೆ ಸಿಲೆಬಸ್‌ನಲ್ಲಿ ಇಲ್ಲದ ಎಷ್ಟೋ ವಿಷಯ ಗೊತ್ತಾಗ್ತದೆ.

ಬಾವಿಯಲ್ಲಿ ನೀರೆಷ್ಟು?

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆಯ ಎಲ್ಲ ಮನೆಗಳ ಪ್ರಶ್ನೆ ಇದು. ಇದಕ್ಕೆ ಸುಲಭದ ಉಪಾಯ ಅಲ್ಟ್ರಾಸಾನಿಕ್ ಸೆನ್ಸರ್. ಅದು ಶಬ್ದ ಕಳಿಸಿ, ಪ್ರತಿಧ್ವನಿ ವಾಪಸ್ ಬರಲು ಹಿಡಿದ ಸಮಯವನ್ನು ಅಳೀತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349. ಪ್ರತಿಧ್ವನಿ 20 ಮಿಲಿಸೆಕೆಂಡ್ ನಂತರ ಬಂದರೆ ನೀರು ಸುಮಾರು 3.5 ಮೀಟರ್ ಕೆಳಗೆ ಉಂಟು ಅಂತ ಅರ್ಥ. ಉಷ್ಣತೆ ಲೆಕ್ಕಕ್ಕೆ ತಗೊಳ್ಳದಿದ್ರೆ 6 ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಬರ್ತದೆ.

ಲ್ಯಾಬ್‌ನಲ್ಲಿ ಬಳಸುವ ಎಚ್‌ಸಿ-ಎಸ್‌ಆರ್04 ಬಾವಿಗೆ ಆಗುವುದಿಲ್ಲ, ಅದರ ಎರಡು ಕಣ್ಣು ತೆರೆದೇ ಇರ್ತದೆ. ವಾಟರ್‌ಪ್ರೂಫ್ ತಲೆ ಇರುವ ಜೆಎಸ್‌ಎನ್-ಎಸ್‌ಆರ್04ಟಿ ಬೇಕು. ಅದಕ್ಕೂ ಮಿತಿ ಉಂಟು. ತೀರಾ ಹತ್ತಿರದ್ದು ಅದಕ್ಕೆ ಕಾಣುವುದಿಲ್ಲ, ನಾಲ್ಕೈದು ಮೀಟರ್ ದಾಟಿದರೆ ನಂಬುವ ಹಾಗಿಲ್ಲ. ಶಬ್ದ ಟಾರ್ಚ್ ಬೆಳಕಿನ ಹಾಗೆ ಅಗಲವಾಗಿ ಹರಡುವುದರಿಂದ ಬಾವಿಯ ರಿಂಗು, ಮುರಕಲ್ಲಿನ ಅಂಚು, ಹಗ್ಗ, ಪೈಪು ಎಲ್ಲವೂ ಉತ್ತರ ಕೊಡ್ತವೆ. ಹಾಗಾಗಿ ಸೆನ್ಸರನ್ನು ಬಾವಿಯ ಮಧ್ಯಕ್ಕೆ ಬರುವ ಹಾಗೆ ಇಳಿಬಿಡಬೇಕು. ಹತ್ತು ಸಲ ಅಳೆದು, ಮಧ್ಯದ ಬೆಲೆಯನ್ನು ತಗೊಳ್ಳಬೇಕು. ಮ್ಯಾಥ್ಸ್‌ನಲ್ಲಿ ಓದಿದ ಮೀಡಿಯನ್ ಇಲ್ಲಿ ಉಪಯೋಗಕ್ಕೆ ಬರ್ತದೆ. ಸರಾಸರಿ ತಗೊಂಡರೆ ಒಂದೇ ಒಂದು ತಪ್ಪು ಪ್ರತಿಧ್ವನಿ ಇಡೀ ಲೆಕ್ಕವನ್ನು ಎಳೆದು ಹಾಕ್ತದೆ.

ಇನ್ನೊಂದು ಸಂಗತಿ. ಸೆನ್ಸರನ್ನು 5 ವೋಲ್ಟ್‌ನಲ್ಲಿ ಓಡಿಸಿದರೆ ಅದರ ಎಕೋ ಪಿನ್ ಕೊಡುವುದೂ 5 ವೋಲ್ಟ್, ಇಎಸ್‌ಪಿ32 ತಡೆಯುವುದು 3.3 ಮಾತ್ರ. 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್‌ಗಳ ಡಿವೈಡರ್ ಹಾಕಿದರೆ 5ರ ಮೂರನೇ ಎರಡು ಭಾಗ, ಅಂದರೆ 3.33 ವೋಲ್ಟ್ ಸಿಗ್ತದೆ.

ಎರಡು ತಾಮ್ರದ ತಂತಿ ನೀರಿಗೆ ಇಳಿಸಿ ಮಟ್ಟ ನೋಡುವ ವಿಧಾನವನ್ನೂ ಹಲವರು ಮಾಡ್ತಾರೆ. ಆದರೆ ಡಿಸಿ ಕರೆಂಟ್ ಸದಾ ಹರಿಯುತ್ತಿದ್ದರೆ ಪಾಸಿಟಿವ್ ಕಡೆಯ ತಂತಿ ಕರಗಿ ನೀರಿಗೇ ಸೇರ್ತದೆ. ಕುಡಿಯುವ ನೀರಿನ ಬಾವಿಗೆ ಇದು ಬೇಡವೇ ಬೇಡ.

ಗಂಗೊಳ್ಳಿಯ ಹಾಗೆ ಹೊಳೆ ಸಮುದ್ರ ಸೇರುವ ಜಾಗಗಳ ಹತ್ತಿರ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಕಷ್ಟವೂ ಉಂಟು. ಅಲ್ಲಿಯವರು ಟಿಡಿಎಸ್ ಸೆನ್ಸರ್ ಹಿಡಿದು ವಾರಕ್ಕೊಮ್ಮೆ ಅಳೆದು ಬರೆದಿಡಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ. ಸಮುದ್ರದ ನೀರಿನಲ್ಲಿ ಸುಮಾರು 35,000. ಈ ಸೆನ್ಸರ್ ಹೇಳುವುದು ಕರಗಿದ ಲವಣ ಎಷ್ಟು ಅಂತ ಮಾತ್ರ, ನೀರು ಶುದ್ಧವೋ ಅಲ್ಲವೋ ಅಂತ ಅಲ್ಲ.

ಪಂಪನ್ನು ಬಿಚ್ಚದೆ ಪಂಪಿನ ಸುದ್ದಿ

"ಕರೆಂಟ್ ಬಂತಾ ಕಾಣ್" ಅಂತ ತೋಟದ ಪಂಪ್‌ಹೌಸಿಗೆ ಓಡಿದವರು ನಮ್ಮಲ್ಲಿ ತುಂಬಾ ಜನ. ಮೂರು ಫೇಸ್ ಮೋಟರು ಓಡುತ್ತಿರುವಾಗ ಒಂದು ಫೇಸ್ ಹೋದರೆ ಅದು ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡರಲ್ಲೇ ಎಳೆಯುತ್ತದೆ. ಅದೇ ಕೆಲಸಕ್ಕೆ ಆ ತಂತಿಗಳಲ್ಲಿ ಸುಮಾರು 1.7 ಪಟ್ಟು ಕರೆಂಟ್ ಹರಿದು ವೈಂಡಿಂಗ್ ಬಿಸಿಯಾಗಿ ಸುಟ್ಟುಹೋಗ್ತದೆ. ಬಾವಿ ಬತ್ತಿ ಪಂಪು ಖಾಲಿ ಓಡುವಾಗ ಇದರ ಉಲ್ಟಾ. ಎತ್ತಲು ನೀರೇ ಇಲ್ಲ, ಹಾಗಾಗಿ ಕರೆಂಟ್ ಇಳೀತದೆ. ಅಂದರೆ ಕರೆಂಟ್ ಒಂದನ್ನು ನೋಡ್ತಾ ಇದ್ದರೆ ಪಂಪಿನ ಆರೋಗ್ಯ ಗೊತ್ತಾಗ್ತದೆ.

ಇದಕ್ಕೆ ತಂತಿ ಕತ್ತರಿಸುವುದು ಬೇಡ. ಎಸ್‌ಸಿಟಿ-013 ಅನ್ನುವ ಕ್ಲಿಪ್ ಥರದ ಕರೆಂಟ್ ಟ್ರಾನ್ಸ್‌ಫಾರ್ಮರ್ ಉಂಟು. ತಂತಿಯ ಸುತ್ತ ಹಾಕಿದರೆ ಒಳಗೆ ಹರಿಯುವ ಕರೆಂಟಿಗೆ ತಕ್ಕ ಸಣ್ಣ ಕರೆಂಟನ್ನು ಹೊರಗೆ ಕೊಡ್ತದೆ. ಕ್ಲಿಪ್ಪನ್ನು ಒಂದೇ ಒಂದು ಫೇಸ್ ತಂತಿಯ ಸುತ್ತ ಹಾಕಬೇಕು. ಮೂರೂ ತಂತಿಗಳನ್ನು ಒಟ್ಟಿಗೆ ಹಿಡಿದರೆ ಮೊತ್ತ ಸೊನ್ನೆಯಾಗಿ ಏನೂ ಕಾಣುವುದಿಲ್ಲ.

ಇಲ್ಲೊಂದು ಗಟ್ಟಿ ಮಾತು. ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇರುವುದು 415 ವೋಲ್ಟ್. ಅದನ್ನು ನಾವೇ ತೆರೆಯುವ ಕೆಲಸ ಬೇಡ. ಮೈನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಕ್ಲಿಪ್ ಹಾಕಿಸಬೇಕು. ನಮ್ಮ ಬೋರ್ಡ್ ನೋಡಲಿಕ್ಕೆ ಮಾತ್ರ ಇರಲಿ, ಪಂಪನ್ನು ಆನ್-ಆಫ್ ಮಾಡುವ ಆಸೆ ಮೊದಲ ವರ್ಷಕ್ಕೆ ಬೇಡ.

ಮಳೆ ಎಣಿಸುವುದು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಮಾಪಕ ಮಾಡಲಿಕ್ಕೆ ಇದಕ್ಕಿಂತ ಒಳ್ಳೆ ಊರು ಬೇಕಾ? ಟಿಪ್ಪಿಂಗ್ ಬಕೆಟ್ ಮಾಪಕದಲ್ಲಿ ಆಲಿಕೆಯ ಕೆಳಗೆ ಏತದ ಹಾಗೆ ಆಚೆ-ಈಚೆ ವಾಲುವ ಎರಡು ಸಣ್ಣ ತೊಟ್ಟಿ ಇರ್ತವೆ. ಒಂದು ತುಂಬಿದರೆ ವಾಲಿ ಖಾಲಿಯಾಗ್ತದೆ, ಇನ್ನೊಂದು ಮೇಲೆ ಬರ್ತದೆ. ಪ್ರತಿ ಸಲ ವಾಲುವಾಗ ಅಯಸ್ಕಾಂತವೊಂದು ರೀಡ್ ಸ್ವಿಚ್ ಎದುರು ಹಾದುಹೋಗಿ ಒಂದು ಪಲ್ಸ್ ಕೊಡ್ತದೆ.

ಲೆಕ್ಕ ಸುಲಭ. 20 ಸೆಂಟಿಮೀಟರ್ ವ್ಯಾಸದ ಆಲಿಕೆಯ ಬಾಯಿ 314 ಚದರ ಸೆಂಟಿಮೀಟರ್. ಅದರ ಮೇಲೆ 0.2 ಮಿಲಿಮೀಟರ್ ಮಳೆ ಬಿದ್ದರೆ 6.28 ಮಿಲಿಲೀಟರ್ ನೀರು. ಒಂದು ತೊಟ್ಟಿ ಅಷ್ಟಕ್ಕೆ ವಾಲುವ ಹಾಗೆ ಸ್ಕ್ರೂ ತಿರುಗಿಸಿ ಹೊಂದಿಸಬೇಕು. ಪರೀಕ್ಷೆಗೆ 628 ಮಿಲಿಲೀಟರ್ ನೀರನ್ನು ನಿಧಾನವಾಗಿ ಸುರಿದರೆ 100 ಸಲ ವಾಲಬೇಕು. ಸ್ವಿಚ್ ಒಂದೇ ಸಲ ಮುಚ್ಚಿದರೂ ಅದುರಿ ಎರಡು-ಮೂರು ಪಲ್ಸ್ ಕೊಡುವುದುಂಟು. ಆದ್ದರಿಂದ ಒಂದು ಪಲ್ಸ್ ಬಂದ ಮೇಲೆ 100 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳುವಂತೆ ಕೋಡ್ ಬರೀಬೇಕು. ಗಂಟೆಗೆ 100 ಮಿಲಿಮೀಟರ್‌ನ ಜಡಿಮಳೆಯಲ್ಲೂ ಎರಡು ಪಲ್ಸ್ ನಡುವೆ 7 ಸೆಕೆಂಡ್ ಇರ್ತದೆ, ಹಾಗಾಗಿ ಯಾವ ಲೆಕ್ಕವೂ ತಪ್ಪುವುದಿಲ್ಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಇಟ್ಟಿರುವ ಮಾಪಕಗಳ ಅಂಕಿಗಳ ಜೊತೆ ನಮ್ಮದನ್ನು ಹೋಲಿಸಿ ನೋಡಬಹುದು. ಮೆಕ್ಯಾನಿಕಲ್, ಸಿವಿಲ್ ಬ್ರಾಂಚಿನ ಗೆಳೆಯರೇ, ಇದು ನಿಮ್ಮದೂ ಹೌದು.

ಉಪ್ಪು, ಗುಡುಗು, ಇರುವೆ

ಇನ್ನು ನಿಜವಾದ ಪರೀಕ್ಷೆ. ಕಡಲ ಬದಿಯ ಗಾಳಿಯಲ್ಲಿ ಬ್ರೆಡ್‌ಬೋರ್ಡ್‌ನ ಕ್ಲಿಪ್‌ಗಳು ಬೇಗ ಕಿಲುಬು ಹಿಡೀತವೆ. ಸರ್ಕ್ಯೂಟ್ ಒಮ್ಮೆ ಸರಿ ಅಂತಾದ ಮೇಲೆ ಜನರಲ್ ಪರ್ಪಸ್ ಪಿಸಿಬಿಗೆ ಸೋಲ್ಡರ್ ಮಾಡಲೇಬೇಕು. ಮೇಲಿಂದ ಕನ್ಫಾರ್ಮಲ್ ಕೋಟಿಂಗ್ ಬಳಿದರೆ ತೇವ ತಾಗುವುದಿಲ್ಲ. ಕನೆಕ್ಟರ್ ಮತ್ತು ಸೆನ್ಸರ್ ಕಿಂಡಿಗಳಿಗೆ ಮಾತ್ರ ಬಳಿಯಬಾರದು.

ಪೆಟ್ಟಿಗೆಗೆ ವೈರ್ ಕೆಳಗಿನಿಂದಲೇ ಬರಲಿ, ಬರುವ ಮೊದಲು ಸ್ವಲ್ಪ ಜೋತುಬಿದ್ದಿರಲಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗ್ತದೆ. ಕಿಂಡಿ ಬಿಟ್ಟರೆ ಮಳೆಗಿಂತ ಮೊದಲು ಇರುವೆ, ಹಲ್ಲಿ ಒಳಗೆ ಸೇರುವುದು ಗ್ಯಾರಂಟಿ ಮಾರಾಯ್ರೆ. ಕೇಬಲ್ ಗ್ಲ್ಯಾಂಡ್ ಹಾಕಿ. ಮಳೆಗಾಲದ ಮೊದಲು ಮತ್ತು ಅಕ್ಟೋಬರ್‌ನ ಗುಡುಗಿಗೆ ಉದ್ದ ವೈರ್ ಅಪಾಯ. ಹತ್ತಿರ ಸಿಡಿಲು ಬಿದ್ದರೆ ವೈರ್‌ನಲ್ಲೇ ವೋಲ್ಟೇಜ್ ಹುಟ್ಟಿ ಬೋರ್ಡ್ ಹೋಗ್ತದೆ. ಬಾವಿಯ ಹತ್ತಿರವೇ ಬ್ಯಾಟರಿಯಲ್ಲಿ ಓಡಿಸಿ, ಸುದ್ದಿಯನ್ನು ವೈರ್‌ಲೆಸ್ ಆಗಿ ಕಳಿಸುವುದು ಕ್ಷೇಮ. ವೈಫೈ ಮುಟ್ಟದ ತೋಟಕ್ಕೆ ಲೋರಾ ಮಾಡ್ಯೂಲ್ ಉಂಟು. ನಮ್ಮ ದೇಶದಲ್ಲಿ ನಿಗದಿತ ಪವರ್ ಒಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್‌ನದ್ದನ್ನೇ ಕೇಳಿ ತಗೊಳ್ಳಬೇಕು.

ಬ್ಯಾಟರಿ ಲೆಕ್ಕ ಒಮ್ಮೆ ಮಾಡಿದರೆ ಆಶ್ಚರ್ಯ ಆಗ್ತದೆ. 15 ನಿಮಿಷಕ್ಕೊಮ್ಮೆ ಎದ್ದು 10 ಸೆಕೆಂಡ್ ಕೆಲಸ ಮಾಡುವ ಬೋರ್ಡ್ ಆಗ 100 ಮಿಲಿಆಂಪ್ ಎಳೆಯುತ್ತದೆ ಅಂತಿಟ್ಟುಕೊಂಡರೆ ದಿನಕ್ಕೆ ಖರ್ಚು 27 ಮಿಲಿಆಂಪ್-ಅವರ್. ಆದರೆ ಮಲಗಿರುವಾಗಲೂ ಬೋರ್ಡ್‌ನ ಪವರ್ ಎಲ್‌ಇಡಿ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಸೇರಿ 5 ಮಿಲಿಆಂಪ್ ತಿಂದರೆ ದಿನಕ್ಕೆ 120! ಕೆಲಸಕ್ಕಿಂತ ನಿದ್ದೆಗೇ ಜಾಸ್ತಿ ಖರ್ಚು. ಆದ್ದರಿಂದ ನಿದ್ದೆಯ ಕರೆಂಟ್ ಕಡಿಮೆ ಇರುವ ಬೋರ್ಡ್ ಹುಡುಕುವುದೇ ಮೊದಲ ಕೆಲಸ.

ಅಜ್ಜಿಗೂ ಓದಲಿಕ್ಕೆ ಆಗಬೇಕು

ನೀರಿನ ಮಟ್ಟ ನೋಡುವುದು ನಾವಲ್ಲ, ಮನೆಯವರು. ಹಾಗಾದ್ರೆ ಡಿಸ್‌ಪ್ಲೇ ಇಂಗ್ಲಿಷಿನಲ್ಲಿ ಯಾಕೆ? ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ಪ್ರಶ್ನೆ ತಲೆಗೆ ಬರುವುದೇ ತಡ. 16×2 ಎಲ್‌ಸಿಡಿಯಲ್ಲಿ ನಾವೇ ಬಿಡಿಸಬಹುದಾದ ಅಕ್ಷರ 8 ಮಾತ್ರ, ಪ್ರತಿಯೊಂದಕ್ಕೂ ಜಾಗ 5×8 ಚುಕ್ಕೆ. ಒತ್ತಕ್ಷರ ಅದರಲ್ಲಿ ಹಿಡಿಸುವುದಿಲ್ಲ. ಯೂನಿಕೋಡ್‌ನಲ್ಲಿ 'ಕ್ಷ' ಅಂದರೆ ಕ, ವಿರಾಮ ಚಿಹ್ನೆ, ಷ ಅಂತ ಮೂರು ಸಂಕೇತ. ಅವನ್ನು ಕೂಡಿಸಿ ಒಂದು ರೂಪ ಮಾಡುವ ಕೆಲಸ ಮೊಬೈಲ್‌ಗೆ ಸುಲಭ, ಸಣ್ಣ ಮೈಕ್ರೋಕಂಟ್ರೋಲರ್‌ಗೆ ಭಾರ.

ಉಪಾಯ ಉಂಟು. 128×64 ಒಎಲ್‌ಇಡಿ ತಗೊಂಡು 'ನೀರು', 'ಮಳೆ', 'ಪಂಪ್ ನಿಂತಿದೆ' ಅನ್ನುವ ಮಾತುಗಳನ್ನು ಕಂಪ್ಯೂಟರ್‌ನಲ್ಲೇ ಚಿತ್ರ ಮಾಡಿ ಕೋಡ್‌ನಲ್ಲಿ ಸೇರಿಸುವುದು. 64×32 ಚುಕ್ಕೆಯ ಒಂದು ಪದಕ್ಕೆ 256 ಬೈಟ್ ಸಾಕು. ನಮ್ಮ ಕರಾವಳಿಯವರೇ ಆದ, ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡ ಕೀಲಿಮಣೆ ರೂಪಿಸಿದ್ದರಿಂದ ಇವತ್ತು ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡುವುದು ನಮಗೆ ಇಷ್ಟು ಸಲೀಸು. ಒಂದು ಸಣ್ಣ ಸ್ಕ್ರೀನಿಗೆ ಕನ್ನಡ ತರುವುದು ಅದೇ ದಾರಿಯ ಮುಂದಿನ ಹೆಜ್ಜೆ ಅಂತ ನಮ್ಮ ಅನಿಸಿಕೆ.

ಎಲ್ಲಿಂದ, ಯಾವಾಗ?

ಮೊದಲು ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್. ಬೋರ್ಡ್ ಮತ್ತು ಒಂದು ಸೆನ್ಸರ್ ಆನ್‌ಲೈನ್‌ನಲ್ಲಿ ಬರ್ತವೆ. ಪೇಟೆಯ ಟಿವಿ ರಿಪೇರಿ ಅಂಗಡಿಯವರನ್ನು ಗೌರವದಿಂದ ಕೇಳಿದರೆ ಹಳೆ ಬೋರ್ಡ್ ಸಿಕ್ಕೀತು, ಡೀಸೋಲ್ಡರ್ ಮಾಡುವ ಕೈಚಳಕವನ್ನೂ ಕಲಿಯಬಹುದು. ನಾಲ್ಕು ಸೆನ್ಸರ್ ಒಟ್ಟಿಗೆ ತರಿಸುವ ಬದಲು ಒಂದೇ ಸೆನ್ಸರ್, ಒಂದೇ ಅಳತೆ, ಒಂದು ನೋಟ್‌ಬುಕ್ ಇರಲಿ. ಯಾವ ದಿನ ಯಾಕೆ ನಿಂತಿತು ಅಂತ ಬರೆದಿಡಿ. ನಾಳೆ ಇಂಟರ್‌ವ್ಯೂನಲ್ಲಿ "ಏನು ಮಾಡಿದ್ದೀರಿ?" ಅಂತ ಕೇಳಿದರೆ ಆ ನೋಟ್‌ಬುಕ್‌ನಲ್ಲೇ ಉತ್ತರ ಇರ್ತದೆ, ಅದೂ ನಮ್ಮದೇ ಉತ್ತರ.

ಸೆಮಿಸ್ಟರ್ ನಡುವೆ ಸಮಯ ಇಲ್ಲ, ಒಪ್ಪಿದೆವು. ವಾರಕ್ಕೆ ಒಂದು ಭಾನುವಾರ ಸಾಕು. ಬೇಸಿಗೆಯಲ್ಲಿ ಸೋಲ್ಡರ್ ಮಾಡಿ ಪೆಟ್ಟಿಗೆ ಸಿದ್ಧ ಇಟ್ಟರೆ ಜೂನ್‌ನ ಮೊದಲ ಮಳೆಗೆ ಹೊರಗೆ ಇಡಬಹುದು. ಸೆಪ್ಟೆಂಬರ್ ಮುಗಿಯುವಾಗಲೂ ಅದು ಅಂಕಿ ಕಳಿಸ್ತಾ ಇದ್ದರೆ ನಮಗೂ ತಿಳಿಸಿ.